ಕಾಪು ದೀಪಸ್ತಂಭದಲ್ಲಿ ಹೆಣ್ಣು ತೋರಿಸಿದ್ದು

ನಮ್ಮ ಅಬ್ಬಾ ಗೂಡು ಕೊಳ್ಳುವುದನ್ನು ಒಮ್ಮೆಯಾದರೂ ನೋಡಬೇಕು. ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಬೆಳಿಗ್ಗೆ ರೈತರು ಗೂಡು ಸುರಿದು ನಿಂತಿರುತ್ತಾರೆ. ಅಬ್ಬಾ ಒಂದೊಂದೇ ರಾಶಿಯ ಮುಂದೆ ನಿಂತು ಒಂದು ಹಿಡಿ ಎತ್ತಿಕೊಳ್ಳುತ್ತಾರೆ. ಒಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ, ಬೆರಳಲ್ಲಿ ಒತ್ತುತ್ತಾರೆ, ಆಮೇಲೆ ಬೇವಿನ ಕಷಾಯ ಕುಡಿದ ಮುಖ ಮಾಡುತ್ತಾರೆ. "ಏನಪ್ಪಾ ಇದು, ಬರೀ ಕಲೆ. ಮೆತ್ತಗೂ ಇದೆ. ಇದ್ರಲ್ಲಿ ನೂಲೆಲ್ಲಿ ಬರುತ್ತೆ?" ಬೇಡದ ಗೂಡಿನ ಮುಂದೆ ಅವರು ಬಾಯಿಯೇ ಬಿಡುವುದಿಲ್ಲ, ಸುಮ್ಮನೆ ಮುಂದೆ ಹೋಗುತ್ತಾರೆ. ಯಾವುದನ್ನು ಜೋರಾಗಿ ಹಳಿಯುತ್ತಾರೋ ಅದರ ಮೇಲೆ ಕಣ್ಣು ಬಿದ್ದಿದೆ ಎಂದರ್ಥ. ಪಕ್ಕದಲ್ಲಿ ನಿಂತ ಬೇರೆಯವರು ಕೇಳಿಸಿಕೊಂಡು ಆ ರಾಶಿಯ ಆಸೆ ಬಿಟ್ಟು ಹೋಗಲಿ ಅಂತ. ಈಗ ಹರಾಜೆಲ್ಲ ಮೊಬೈಲಿನಲ್ಲೇ ನಡೆದರೂ ಈ ಚಾಳಿ ಮಾತ್ರ ಅವರನ್ನು ಬಿಟ್ಟಿಲ್ಲ.

ನಾನು ಅವರ ದೊಡ್ಡ ಮಗಳು, ಸಾಬ್ರೀನ್. ವಯಸ್ಸು ಮೂವತ್ತೊಂದು. ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದಿದ್ದೆ, ಕನ್ನಡದಲ್ಲಿ ನೂರಕ್ಕೆ ಎಂಬತ್ತೆಂಟು. ಮನೆಯಲ್ಲಿ ನಮ್ಮದು ಉರ್ದು, ಆದರೆ ಬರೆಯಲು ಕೂತರೆ ನನಗೆ ಕನ್ನಡವೇ ಬರುವುದು. ಫಲಿತಾಂಶ ಬಂದ ವಾರವೇ ಅಮ್ಮಿಗೆ ದಮ್ಮು ಜೋರಾಗಿ ಆಸ್ಪತ್ರೆ ಸೇರಿದಳು. ನೂಲು ಬಿಚ್ಚುವವರಿಗೆಲ್ಲ ಬರುವ ಕಾಯಿಲೆ ಅದು. ಬೆಂದ ಹುಳದ ಹಬೆಯನ್ನು ವರ್ಷಗಟ್ಟಲೆ ಕುಡಿದರೆ ಎದೆ ಏನಾಗಬೇಕು? "ನಾಲ್ಕು ದಿನ ಕೂತ್ಕೊಳಮ್ಮ, ಅಮ್ಮಿ ಹುಷಾರಾಗ್ಲಿ" ಎಂದು ಅಬ್ಬಾ ಅವಳ ಜಾಗದಲ್ಲಿ ನನ್ನನ್ನು ಕೂರಿಸಿದರು. ಆ ನಾಲ್ಕು ದಿನ ಇನ್ನೂ ಮುಗಿದಿಲ್ಲ.

ಮನೆಯ ಹಿಂದೆ ಶೀಟು ಹೊದಿಸಿದ ಶೆಡ್ಡಿದೆ. ಅಲ್ಲಿ ಸುಡುವ ನೀರಿನ ತೊಟ್ಟಿಯ ಮುಂದೆ ಕೂತು, ಬೆಂದ ಗೂಡುಗಳಿಂದ ಎಳೆ ಹುಡುಕಿ, ಏಳೆಂಟನ್ನು ಸೇರಿಸಿ ರಾಟೆಗೆ ಹತ್ತಿಸುವುದು ಕೆಲಸ. ಎಳೆ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಗೊತ್ತಾಗಬೇಕು. ನನ್ನ ಬೆರಳಿಗೆ ಗೊತ್ತಾಗುತ್ತದೆ. ಶಿಡ್ಲಘಟ್ಟದಲ್ಲಿ ನನ್ನಷ್ಟು ಸಮನಾದ ನೂಲು ತೆಗೆಯುವವರು ಕಡಿಮೆ ಎಂದು ಬೇರೆಯವರೇ ಹೇಳುತ್ತಾರೆ. ನನ್ನ ತಂಗಿ ಅಂಬರೀನ್‌ಗೆ ಈ ಕೆಲಸ ಹತ್ತಲೇ ಇಲ್ಲ. ನಿಮಿಷಕ್ಕೊಂದು ಸಲ ಎಳೆ ಕಡಿಯುತ್ತಿದ್ದಳು, ಕೈ ಸುಟ್ಟುಕೊಂಡು ಅಳುತ್ತಿದ್ದಳು. ಅವಳಿಗೆ ಇಪ್ಪತ್ತಕ್ಕೆ ಮದುವೆಯಾಯಿತು. ಬಂದ ಮೊದಲನೇ ಗಂಡು, ಗೌರಿಬಿದನೂರಿನವನು, ಒಂದೇ ವಾರದಲ್ಲಿ ಒಪ್ಪಿಗೆ. ಅಕ್ಕ ಇರುವಾಗ ತಂಗಿಗೆ ಏನವಸರ ಎಂದು ಕೇಳಿದವರಿಗೆ ಅಬ್ಬಾ, "ದೊಡ್ಡೋಳಿಗೆ ಅವಳ ಮಟ್ಟದ ಹುಡುಗ ಸಿಗ್ಬೇಕಲ್ಲ" ಎಂದರು. ಆ ಮಾತು ಕೇಳಿ ನಾನು ಉಬ್ಬಿದ್ದೆ. ಎಂಥ ಪೆದ್ದಿ ನಾನು.

ನಮ್ಮಂಥವರಲ್ಲಿ ಈಗೀಗ ಹೆಣ್ಣನ್ನು ಮನೆಯಲ್ಲಿ ತೋರಿಸುವುದು ಕಡಿಮೆಯಾಗಿದೆ. ಮನೆಗೆ ಬಂದು ನೋಡಿ ಬೇಡ ಎಂದರೆ ಇಡೀ ಬೀದಿಗೆ ಗೊತ್ತಾಗುತ್ತದೆ. ಅದಕ್ಕೆ ಎರಡೂ ಕಡೆಯವರು ಎಲ್ಲೋ ಟೂರು ಹೋದ ಹಾಗೆ ಹೋಗಿ, ಅಕಸ್ಮಾತ್ ಎದುರಾದ ಹಾಗೆ ಎದುರಾಗುತ್ತಾರೆ. ಆಗದಿದ್ದರೆ ಟೂರು ಮುಗಿಯಿತು, ಅಷ್ಟೆ. ನನ್ನನ್ನು ಮುರುಗಮಲ್ಲದ ದರ್ಗಾದಲ್ಲಿ ಎರಡು ಸಲ, ನಂದಿ ಬೆಟ್ಟದಲ್ಲಿ ಒಂದು ಸಲ, ಚಿಕ್ಕಬಳ್ಳಾಪುರದ ಹೋಟೆಲೊಂದರ ಫ್ಯಾಮಿಲಿ ರೂಮಿನಲ್ಲಿ ಒಂದು ಸಲ ತೋರಿಸಿದ್ದಾಗಿತ್ತು. ಪ್ರತಿ ಸಲವೂ ವಾಪಸ್ಸು ಬರುವಾಗ ಅಬ್ಬಾ ಅದೇ ಮುಖ ಮಾಡುತ್ತಿದ್ದರು. "ಬೇಡಮ್ಮ. ನಿನಗೆ ತಕ್ಕೋನಲ್ಲ." ಏನು ಹುಳುಕು ಎಂದು ಕೇಳಿದರೆ ಹೇಳುತ್ತಿರಲಿಲ್ಲ. ವಿಚಿತ್ರವೆಂದರೆ ಆ ನಾಲ್ಕು ಮನೆಯವರೂ ಆಮೇಲೆ ಎಲ್ಲಿ ಸಿಕ್ಕಿದರೂ ಅಬ್ಬಾರನ್ನು ಕಂಡರೆ ಎದ್ದು ನಿಂತು ಸಲಾಂ ಹೇಳುತ್ತಿದ್ದರು. ತಿರಸ್ಕರಿಸಿದವರಿಗೆ ಇಷ್ಟು ಮರ್ಯಾದೆ ಯಾಕೆ ಎಂದು ನಾನು ಯೋಚನೆ ಮಾಡಲಿಲ್ಲ.

ಐದನೆಯದನ್ನು ಹುಡುಕಿದ್ದು ಚಿಂತಾಮಣಿಯ ಮಜರ್ ಮಾಮು, ಅಮ್ಮಿಯ ಅಣ್ಣ. ಹುಡುಗನ ಹೆಸರು ಕಾಮ್ರಾನ್. ಮೂಲ ಚಿಂತಾಮಣಿಯವರೇ, ಅವನ ತಂದೆ ಬಹಳ ಹಿಂದೆ ಉಡುಪಿ ಕಡೆ ಹೋಗಿ ಕಾಪುವಿನಲ್ಲಿ ಆಟೋಗಳಿಗೆ ಸೀಟು ಹೊಲಿಯುವ ಅಂಗಡಿ ಇಟ್ಟಿದ್ದರಂತೆ. ತಂದೆ ಹೋದ ಮೇಲೆ ಮಗ ನಡೆಸುತ್ತಿದ್ದಾನೆ, ಮನೆಯಲ್ಲಿ ತಾಯಿ ಮಾತ್ರ. "ಈ ಸಲ ನಾನು ಕೇಳಲ್ಲ, ಹೋಗಿ ನೋಡ್ಕೊಂಡೇ ಬರ್ಬೇಕು" ಎಂದು ಮಾಮು ಪಟ್ಟು ಹಿಡಿದರು. ಅಬ್ಬಾ ದೂರ ಎಂದರು, ಸೀಸನ್ನು ಎಂದರು, ಅಮ್ಮಿಯ ಎದೆ ಎಂದರು. ಹೆಂಗಸರಿಗೆ ಕೆಂಪು ಬಸ್ಸು ಫ್ರೀ ಇದೆಯಲ್ಲ ಎಂದು ಮಾಮು ಬಾಯಿ ಮುಚ್ಚಿಸಿದರು. ಭೇಟಿಗೆ ಜಾಗ ಗೊತ್ತು ಮಾಡಿದ್ದು ಹುಡುಗನ ತಾಯಿ: ಕಾಪುವಿನ ದೀಪಸ್ತಂಭ. ಬ್ರಿಟಿಷರ ಕಾಲದ್ದು, ನೋಡಲು ದಿನವೂ ಜನ ಬರುತ್ತಾರೆ, ನೂರು ಜನರಲ್ಲಿ ನಾವೂ ಒಬ್ಬರು.

ನನಗೆ ಏನು ಬೇಕಾಗಿತ್ತು ಎಂದು ನಾಚಿಕೆ ಬಿಟ್ಟು ಹೇಳುತ್ತೇನೆ. ಗಂಡ ರಾಜಕುಮಾರನಾಗಿರಬೇಕಿರಲಿಲ್ಲ. ಬೆಳಿಗ್ಗೆ ಎದ್ದರೆ ಹುಳದ ವಾಸನೆ ಇಲ್ಲದ ಮನೆ ಬೇಕಿತ್ತು. ಬಿಸಿನೀರಿನಿಂದ ಕೈ ಹೊರಗೆ ತೆಗೆದು ಒಣಗಿಸಿಕೊಳ್ಳಬೇಕಿತ್ತು. ನನ್ನ ಬೆರಳ ತುದಿಗಳು ಬಿಳಿಚಿ, ಸುಕ್ಕುಗಟ್ಟಿ, ಆಧಾರ್ ಮೆಷಿನ್ನಿಗೂ ಗುರುತು ಸಿಗುವುದಿಲ್ಲ. ಇನ್ನೊಬ್ಬರ ಮನೆಯಲ್ಲಾದರೂ ಸರಿ, ನನ್ನದೆನ್ನುವ ಒಂದು ಒಲೆ ಬೇಕಿತ್ತು. ಇದೇ ಕೊನೆಯ ಗಂಡು ಎಂದು ನನಗೆ ಗೊತ್ತಿತ್ತು. ಮೂವತ್ತು ದಾಟಿದವಳಿಗೆ ಮಾಮು ಕೂಡ ಇನ್ನೊಂದು ಸಲ ಓಡಾಡುವುದಿಲ್ಲ.

ಅಬ್ಬಾ, ಅಮ್ಮಿ, ನಾನು ಮೂವರೇ ಕಾಪುವಿಗೆ ಹೋದಾಗ ಮಧ್ಯಾಹ್ನ ಮೂರು ಗಂಟೆ. ದೀಪಸ್ತಂಭ ದೂರದಿಂದಲೇ ಕಂಡಿತು, ಬಂಡೆಯ ಮೇಲೆ ಕಪ್ಪು ಬಿಳುಪು ಪಟ್ಟೆ ಹೊಡೆದುಕೊಂಡು ನಿಂತಿತ್ತು. ಅದರ ಹಿಂದೆ ಸಮುದ್ರ. ನಾನು ಸಮುದ್ರ ನೋಡಿದ್ದು ಅದೇ ಮೊದಲು. ಮೊದಲ ಸಲ ನೋಡಿದವರು ಏನೇನೋ ಹೇಳುತ್ತಾರೆ. ನನಗೆ ಅನಿಸಿದ್ದು ಇಷ್ಟೇ: ಇಷ್ಟೊಂದು ನೀರು, ಅಷ್ಟೂ ತಣ್ಣಗಿದೆ.

ಕಾಮ್ರಾನ್ ಮತ್ತು ಅವನ ತಾಯಿ ಆಗಲೇ ಬಂದಿದ್ದರು. ಅವನು ಫೋಟೋದಲ್ಲಿದ್ದುದಕ್ಕಿಂತ ಕಪ್ಪಗಿದ್ದ, ತಲೆಗೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ತಾಯಿ ನನ್ನ ಎರಡೂ ಕೈ ಹಿಡಿದುಕೊಂಡರು. ಕೈ ಎಳೆದುಕೊಳ್ಳಲು ಹೋದೆ, ಬಿಡಲಿಲ್ಲ. ಬೆರಳುಗಳನ್ನು ತಿರುಗಿಸಿ ನೋಡಿ, "ಕಷ್ಟ ಪಟ್ಟಿರೋ ಕೈ" ಎಂದರು. ಅಸಹ್ಯದಿಂದ ಅಲ್ಲ. ನನಗೆ ಅಲ್ಲೇ ಅಳು ಬಂತು. ಹೆಂಗಸರು ನಾವು ಅಂಗಡಿ ಸಾಲಿನ ನೆರಳಲ್ಲಿ ಕುರ್ಚಿ ಹಾಕಿಕೊಂಡು ಕೂತೆವು. ಕಾಮ್ರಾನ್‌ನ ತಾಯಿ, ಅವರನ್ನು ಆಗಲೇ ಖಾಲಾ ಎಂದು ಕರೆಯತೊಡಗಿದ್ದೆ, ನನಗೆ ಐಸ್‌ಕ್ರೀಮ್ ತರಿಸಿದರು. ಅಬ್ಬಾ ಕಾಮ್ರಾನ್‌ನನ್ನು ಕರೆದುಕೊಂಡು ಚಹಾ ಕುಡಿಯಲು ಹೋದರು.

ಹತ್ತು ನಿಮಿಷಕ್ಕೆ ವಾಪಸ್ಸು ಬಂದರು. ಕಾಮ್ರಾನ್ ತಾಯಿಯನ್ನು ಆಚೆ ಕರೆದು ಏನೋ ಹೇಳಿದ. ಖಾಲಾ ತಿರುಗಿ ಬಂದವರೇ ನನ್ನ ಕೈಯಲ್ಲಿದ್ದ ಐಸ್‌ಕ್ರೀಮ್ ಮೆಲ್ಲಗೆ ತೆಗೆದುಕೊಂಡರು. "ತಣ್ಣಗಿರೋದು ಬೇಡ ಮಗಳೇ" ಎಂದು ಬಿಸಿ ಚಹಾ ತರಿಸಿದರು. ಗಾಳಿ ಜೋರಾಗಿದೆ ಎಂದು ತಮ್ಮ ಶಾಲು ತೆಗೆದು ನನಗೆ ಹೊದಿಸಿದರು. ತಲೆ ಸವರಿದರು. ಹೆತ್ತ ತಾಯಿ ಕೂಡ ನನ್ನನ್ನು ಹೀಗೆ ನೋಡಿಕೊಂಡಿರಲಿಲ್ಲ. ಒಪ್ಪಿಗೆಯಾಯಿತು, ಹಾಗಾಗಿಯೇ ಇಷ್ಟು ಪ್ರೀತಿ ಎಂದು ತಿಳಿದೆ. ಅಮ್ಮಿಯ ಕಡೆ ನೋಡಿ ನಕ್ಕೆ. ಅಮ್ಮಿ ತನ್ನ ಚೀಲದಲ್ಲಿ ಏನೋ ಹುಡುಕುತ್ತಿದ್ದಳು.

ಸಂಜೆ ಸ್ವಲ್ಪ ಹೊತ್ತು ಮಾತ್ರ ದೀಪಸ್ತಂಭದ ಮೇಲೆ ಹೋಗಲು ಬಿಡುತ್ತಾರೆ. ಬಾಗಿಲು ತೆರೆದು ಜನ ಸಾಲುಗಟ್ಟಿದರು. ಹುಡುಗ ಹುಡುಗಿ ನಾಲ್ಕು ಮಾತಾಡಲಿ ಎಂದು ಖಾಲಾ ಹೇಳುತ್ತಾರೇನೋ ಎಂದು ಕಾದೆ. ಅವರು, "ಅವಳು ಯಾಕೆ ಹತ್ತೋದು, ಇಲ್ಲೇ ಕೂತಿರ್ಲಿ ಪಾಪ" ಎಂದರು. ಅಬ್ಬಾ ಕೂಡಲೇ, "ಹೌದೌದು, ಬೇಡ" ಎಂದರು. ಇಬ್ಬರಿಗೂ ನನ್ನ ಮೇಲೆ ಎಷ್ಟು ಕಾಳಜಿ! ಸುಮ್ಮನೆ ಕೂರುವ ಹೆಣ್ಣಲ್ಲ ನಾನು, ಗಟ್ಟಿಗಿತ್ತಿ ಎಂದು ಅವರಿಗೆ ತೋರಿಸೋಣ ಅನಿಸಿತು. "ನಾನೂ ಹೋಗ್ತೀನಿ ಖಾಲಾ" ಎಂದು ಎದ್ದೇಬಿಟ್ಟೆ. ಹಿಂದಿನಿಂದ ಅಬ್ಬಾ "ಸಾಬ್ರೀನ್!" ಎಂದು ಕೂಗಿದ್ದು ಕೇಳಿಸಿತು. ಕಾಮ್ರಾನ್ ಓಡಿ ಬಂದು ಟಿಕೆಟ್ಟು ತೆಗೆದುಕೊಂಡ.

ಬಂಡೆಯ ಮೆಟ್ಟಿಲು ಮುಗಿಸಿ ಒಳಗೆ ಹೋದೆವು. ಒಳಗೆ ಗೋಡೆಗೆ ಅಂಟಿಕೊಂಡು ಸುತ್ತಿ ಸುತ್ತಿ ಏರುವ ಕಿರಿದಾದ ಮೆಟ್ಟಿಲು, ಕೊನೆಯಲ್ಲಿ ಕಬ್ಬಿಣದ ಏಣಿ. ನಾನು ಮುಂದೆ, ಅವನು ಹಿಂದೆ. ಎಲ್ಲೂ ನಿಲ್ಲಲಿಲ್ಲ. ಹದಿನೈದು ವರ್ಷ ಒಂದೇ ಜಾಗದಲ್ಲಿ ಕೂತ ಕಾಲುಗಳು ಅಷ್ಟು ಹುರುಪಿನಿಂದ ಹತ್ತುತ್ತವೆ ಎಂದು ನನಗೇ ಗೊತ್ತಿರಲಿಲ್ಲ. ಮೇಲೆ ಗಾಳಿ ಬಡಿಯಿತು. ಕೆಳಗೆ ತೆಂಗಿನ ತಲೆಗಳು, ಮೀನಿನ ದೋಣಿಗಳು, ಇರುವೆಗಳಷ್ಟು ಚಿಕ್ಕದಾಗಿ ಅಬ್ಬಾ ಅಮ್ಮಿ. ಕಟಾಂಜನ ಹಿಡಿದು ನಗುತ್ತಾ ನಿಂತೆ.

ಕಾಮ್ರಾನ್ ನನ್ನನ್ನೇ ನೋಡುತ್ತಿದ್ದ. ಅವನೇ ಏದುಸಿರು ಬಿಡುತ್ತಿದ್ದ.

"ನಿಮಗೇನೂ ಆಗ್ತಿಲ್ವಾ?" ಎಂದ.

"ಏನಾಗ್ಬೇಕು?"

"ಅಲ್ಲ... ಬಿದ್ರೆ ಹಿಡ್ಕೊಳೋಣ ಅಂತ ಹಿಂದೇನೇ ಬಂದೆ. ನಿಮಗೆ ದಮ್ಮು ಅಂತಲ್ಲ. ನಿಮ್ಮ ಅಬ್ಬಾ ಹೇಳಿದ್ರು."

ಗಾಳಿಗೆ ಸರಿಯಾಗಿ ಕೇಳಿಸಲಿಲ್ಲ ಎಂದುಕೊಂಡೆ. ಇನ್ನೊಂದು ಸಲ ಹೇಳಲು ಹೇಳಿದೆ. ಅವನು ಪಾಪ, ಎಲ್ಲವನ್ನೂ ಹೇಳಿದ. ಚಹಾ ಅಂಗಡಿಯಲ್ಲಿ ಅಬ್ಬಾ ಅವನ ಭುಜದ ಮೇಲೆ ಕೈಯಿಟ್ಟು, "ಮಗಾ, ಮುಚ್ಚಿಟ್ಟು ಮದುವೆ ಮಾಡಿದ್ರೆ ನಾನು ಮೇಲಿನೋನಿಗೆ ಉತ್ತರ ಹೇಳ್ಬೇಕು. ನನ್ನ ಮಗಳಿಗೆ ಎದೆ ಸರಿ ಇಲ್ಲ. ಹತ್ತು ಹೆಜ್ಜೆ ನಡೆದ್ರೆ ಉಸಿರು ಹತ್ತಲ್ಲ. ಮಕ್ಕಳಾಗೋದೂ ಕಷ್ಟ ಅಂದಿದ್ದಾರೆ ಡಾಕ್ಟ್ರು" ಎಂದು ಕಣ್ಣೊರೆಸಿಕೊಂಡಿದ್ದರಂತೆ.

"ನಮ್ಮಮ್ಮ ಅಂದ್ರು, ಎಂಥ ನಿಯತ್ತಿನ ಮನುಷ್ಯ, ಈ ಕಾಲದಲ್ಲಿ ಯಾವ ತಂದೆ ಹೀಗೆ ಬಾಯಿಬಿಟ್ಟು ಹೇಳ್ತಾನೆ ಅಂತ."

ನಾನು ಕೆಳಗೆ ನೋಡಿದೆ. ಮುರುಗಮಲ್ಲ, ನಂದಿ ಬೆಟ್ಟ, ಹೋಟೆಲಿನ ಫ್ಯಾಮಿಲಿ ರೂಮು. ಎಲ್ಲರೂ ಅಬ್ಬಾಗೆ ಎದ್ದು ನಿಂತು ಸಲಾಂ ಹೇಳುತ್ತಿದ್ದುದು ಇದಕ್ಕೆ. ಅವರು ಗಂಡುಗಳಲ್ಲಿ ಹುಳುಕು ಹುಡುಕುತ್ತಿದ್ದಾರೆ ಎಂದು ನಾನು ಇಷ್ಟು ವರ್ಷ ನಂಬಿದ್ದೆ. ಅವರು ಕೈಯಲ್ಲಿ ಹಿಡಿದು ಅಲ್ಲಾಡಿಸಿ ಹಳಿದದ್ದು ನನ್ನನ್ನು. ಬೇರೆಯವರು ಆಸೆ ಬಿಟ್ಟು ಹೋಗಲಿ ಅಂತ, ಮಾಲು ತನ್ನಲ್ಲೇ ಉಳಿಯಲಿ ಅಂತ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಪಕ್ಕದ ಮನೆಯ ಆದಿಲಕ್ಷ್ಮಮ್ಮ ಮಾತು ಮಾತಿಗೆ ಹೇಳುತ್ತಾರೆ. ನನ್ನ ಪೂಜಾರಿ ಮನೆಯಲ್ಲೇ ಇದ್ದ.

"ನನಗೆ ಯಾವ ಕಾಯಿಲೆನೂ ಇಲ್ಲ. ನೀವೇ ನೋಡಿದ್ರಲ್ಲ" ಎಂದೆ. ನನ್ನ ದನಿ ಭಿಕ್ಷೆ ಬೇಡುವವರ ದನಿಯ ಹಾಗಿತ್ತು. ಅದು ನನಗೇ ಸಿಟ್ಟು ತರಿಸಿತು.

ಕಾಮ್ರಾನ್ ಬಗ್ಗಿ ಕೆಳಗೆ ತಾಯಿ ಕೂತಿದ್ದ ಕಡೆ ನೋಡಿದ. ಆಮೇಲೆ, "ಅಮ್ಮನ ಹತ್ರ ಹೇಳಿ. ನೀವೇ ಹೇಳಿ. ನಾನು ಅವರ ಮಾತು ಮೀರಲ್ಲ" ಎಂದ. ಒಳ್ಳೆಯವನೇ. ಆದರೆ ಒಳ್ಳೆಯತನ ಅಷ್ಟಕ್ಕೇ ನಿಂತಿತು.

ಇಳಿಯುವಾಗ ನಾನು ಮೆಟ್ಟಿಲು ಎಣಿಸಲಿಲ್ಲ, ಗೋಡೆ ಹಿಡಿಯಲಿಲ್ಲ. ಕೆಳಗೆ ಬಂದು ಸೀದಾ ಖಾಲಾ ಮುಂದೆ ನಿಂತೆ.

"ಖಾಲಾ, ನನಗೆ ದಮ್ಮಿಲ್ಲ. ಯಾವತ್ತೂ ಇರ್ಲಿಲ್ಲ. ಅದು ಸುಳ್ಳು."

ಖಾಲಾ ಅಬ್ಬಾರ ಕಡೆ ನೋಡಿದರು. ಅಬ್ಬಾ ಸಿಟ್ಟು ಮಾಡಿಕೊಳ್ಳಲಿಲ್ಲ. ಸಿಟ್ಟು ಮಾಡಿಕೊಂಡಿದ್ದರೆ ನನಗೊಂದು ದಾರಿ ಸಿಗುತ್ತಿತ್ತು. ಅವರು ಬಹಳ ದುಃಖದಿಂದ ನಕ್ಕರು. "ಹೆಣ್ಣು ಮಗಳು. ಇದೆ ಅಂತ ಅವಳು ತಾನೇ ಹೆಂಗೆ ಒಪ್ಕೋತಾಳೆ?" ಎಂದರು. ಖಾಲಾ ತಲೆಯಾಡಿಸಿದರು. ಹೆತ್ತ ತಂದೆಯೇ ಹೇಳುವಾಗ ಮಗಳ ಮಾತನ್ನು ಯಾರು ನಂಬುತ್ತಾರೆ? ಮದುವೆಯಾಗಬೇಕೆಂಬ ಆಸೆಗೆ ಸುಳ್ಳು ಹೇಳುವ ಹುಡುಗಿಯಾದೆ ನಾನು.

"ಈಗ್ಲೇ ಅಲ್ವಾ ಮೇಲೆ ಹೋಗಿ ಬಂದಿದ್ದು? ಕೇಳಿ ನಿಮ್ಮ ಮಗನ್ನ!"

"ಅವಳು ಹತ್ತಿದ್ದು ನಿಜ" ಎಂದ ಕಾಮ್ರಾನ್, ನೆಲ ನೋಡುತ್ತಾ.

"ಇವತ್ತು ಹತ್ತಿರ್ತಾಳೆ" ಎಂದರು ಅಬ್ಬಾ. "ನಾಳೆಯಿಂದ ಮೂರು ದಿನ ಮಲ್ಗಿರ್ತಾಳೆ. ನೋಡೋರು ನಾವು ತಾನೆ?"

ನನ್ನ ತಲೆ ಕೆಟ್ಟುಹೋಯಿತು. ಹತ್ತಿ ತೋರಿಸುತ್ತೇನೆ, ಇನ್ನೊಂದು ಸಲ ಹತ್ತಿ ತೋರಿಸುತ್ತೇನೆ ಎಂದು ಶಾಲು ಕಿತ್ತು ಎಸೆದು ಓಡಿದೆ. ಮೇಲಿನ ಬಾಗಿಲಲ್ಲಿ ಹೊತ್ತಾಯಿತು, ಇನ್ನು ಬಿಡುವುದಿಲ್ಲ ಎಂದರು. ಬಂಡೆಯ ಮೆಟ್ಟಿಲಾದರೂ ಇತ್ತಲ್ಲ. ಕೆಳಗೆ ಬಂದು ಮತ್ತೆ ಹತ್ತಿದೆ. ಮತ್ತೆ ಇಳಿದೆ. ಮತ್ತೆ ಹತ್ತಿದೆ. ಚಪ್ಪಲಿ ಎಲ್ಲೋ ಬಿತ್ತು. ಟೂರಿಗೆ ಬಂದವರು ಪಕ್ಕಕ್ಕೆ ಸರಿದು ನೋಡುತ್ತಿದ್ದರು, ಯಾರೋ ಮೊಬೈಲು ಎತ್ತಿದರು. ಎಷ್ಟು ಸಲವೋ ಗೊತ್ತಿಲ್ಲ. ಕೊನೆಯ ಸಲ ಮರಳಿಗೆ ಇಳಿದಾಗ ಕಣ್ಣು ಕತ್ತಲೆ ಬಂದು ಎರಡೂ ಮೊಣಕಾಲ ಮೇಲೆ ಕೈಯೂರಿ ಬಗ್ಗಿ ನಿಂತೆ. ಉಸಿರು ಸಿಗಲಿಲ್ಲ. ಯಾರಿಗೆ ತಾನೇ ಸಿಗುತ್ತದೆ? ಎದೆ ತಿದಿಯ ಹಾಗೆ ಎದ್ದು ಬಿದ್ದು ಮಾಡುತ್ತಿತ್ತು, ಬಾಯಿಂದ ಮಾತೇ ಹೊರಡಲಿಲ್ಲ.

"ನೋಡಿದ್ರಾ?" ಎಂದರು ಅಬ್ಬಾ ಮೆಲ್ಲಗೆ. "ನಾನು ಹೇಳ್ಲಿಲ್ವಾ?"

ಖಾಲಾ ಸೆರಗಿನಿಂದ ಕಣ್ಣೊರೆಸಿಕೊಂಡರು. "ಮಗೂನ ಬೈಬೇಡಿ ಲಾಲ್ ಬಾಷಾ ಭಾಯ್. ಚೆನ್ನಾಗಿ ನೋಡ್ಕೊಳ್ಳಿ. ನಿಮ್ಮಂಥ ತಂದೆ ಸಿಕ್ಕಿದ್ದು ಅವಳ ಪುಣ್ಯ" ಎಂದರು. ಕಾಮ್ರಾನ್ ನನ್ನ ಚಪ್ಪಲಿ ಹುಡುಕಿ ತಂದು ಕಾಲ ಹತ್ತಿರ ಜೋಡಿಸಿಟ್ಟ, ಆಮೇಲೆ ತಾಯಿಯ ಕೈ ಹಿಡಿದು ಹೊರಟ. ಅಬ್ಬಾ ಬಸ್ಸಿನ ಹೊತ್ತು ಕೇಳಿಕೊಂಡು ಬರುತ್ತೇನೆಂದು ಅವರ ಜೊತೆಗೇ ರಸ್ತೆಯವರೆಗೆ ಹೋದರು.

ಮರಳಲ್ಲಿ ಕೂತುಬಿಟ್ಟಿದ್ದೆ. ಅಮ್ಮಿ ನೀರಿನ ಬಾಟಲಿ ಹಿಡಿದು ಬಂದು ಪಕ್ಕದಲ್ಲಿ ಕುಕ್ಕರಿಸಿದಳು. ಅಷ್ಟು ದೂರ ನಡೆದು ಬಂದದ್ದಕ್ಕೇ ಅವಳ ಎದೆಯಲ್ಲಿ ಸಿಳ್ಳೆ ಹೊಡೆದ ಹಾಗೆ ಸದ್ದಾಗುತ್ತಿತ್ತು. ನನ್ನ ಮುಖ ಒರೆಸಿದಳು.

"ನೋಡಿದ್ಯಾ ಅಮ್ಮೀ, ಅಬ್ಬಾ ಏನ್ ಮಾಡಿದ್ರು ಅಂತ? ಐದು ಮನೆ! ಐದೂ ಮನೆಗೆ ಇದನ್ನೇ ಹೇಳಿದ್ದಾರೆ" ಎಂದೆ. ಅಳು ಒತ್ತರಿಸಿ ಬಂತು.

ಅಮ್ಮಿ ಸುತ್ತ ನೋಡಿದಳು. ಅಬ್ಬಾ ದೂರದಲ್ಲಿದ್ದರು.

"ಅವರನ್ನ ಬೈಬೇಡಮ್ಮ. ಆ ಮಾತು ಮೊದಲು ಹೇಳಿದ್ದು ನಾನು."

ನಾನು ಅವಳ ಮುಖ ನೋಡಿದೆ. ಅವಳು ಸಮುದ್ರದ ಕಡೆ ನೋಡುತ್ತಿದ್ದಳು.

"ಮುರುಗಮಲ್ಲದಲ್ಲಿ. ಆ ಬಟ್ಟೆ ಅಂಗಡಿಯೋರು ಬಂದಿದ್ರಲ್ಲ. ಅವರಿಗೆ ನೀನು ತುಂಬಾ ಹಿಡಿಸಿಬಿಟ್ಟಿದ್ದೆ. ಹುಡುಗನ ಅಕ್ಕನ್ನ ಆ ಕಡೆ ಕರ್ಕೊಂಡೋಗಿ ಹೇಳ್ದೆ. ಆಮೇಲೆ ನಿಮ್ಮ ಅಬ್ಬಾ ಅದನ್ನೇ ಹಿಡ್ಕೊಂಡ್ರು." ಉಸಿರಿಗಾಗಿ ನಿಂತಳು. "ನೀನು ಹೋದ್ರೆ ಆ ಹಬೆ ಮುಂದೆ ಯಾರು ಕೂರ್ತಾರೆ? ಕೂಲಿಗೆ ಜನ ಎಲ್ಲಿ ಸಿಗ್ತಾರೆ ಈಗ? ನಾನೇ ಕೂರ್ಬೇಕು. ಆರು ತಿಂಗಳು ಕೂತ್ರೆ ಸತ್ತೋಗ್ತೀನಿ ಕಣೇ. ನನಗೆ ಸಾಯೋಕೆ ಭಯ."

ಅಲೆ ಬಂದು ನಮ್ಮ ಕಾಲಿನವರೆಗೆ ಮರಳು ನೆನೆಸಿ ಹೋಯಿತು.

"ನನ್ನನ್ನ ಒಂದು ಮಾತು ಕೇಳ್ಬೋದಿತ್ತಲ್ಲ ಅಮ್ಮೀ" ಎಂದೆ. "ಹಿಂಗಿಂಗೆ ಅಂತ ಹೇಳಿದ್ದಿದ್ರೆ ನಾನೇ ಬೇಡ ಅಂತಿದ್ದೆ. ನಿನಗೋಸ್ಕರ ಮನೇಲೇ ಇರ್ತಿದ್ದೆ."

ಅಮ್ಮಿ ಬಾಟಲಿಯ ಮುಚ್ಚಳ ತಿರುಗಿಸಿ ನನ್ನ ಕೈಗೆ ಕೊಟ್ಟಳು.

"ಇರ್ತಿರ್ಲಿಲ್ಲ ಕಣಮ್ಮ" ಎಂದಳು.

ನಾನು ನೀರು ಕುಡಿದೆ. ಅವಳು ಹೇಳಿದ್ದು ನಿಜ. ಇರುತ್ತಿರಲಿಲ್ಲ.